ತಣ್ಣಗಾಗಲು ಜಾಗವೇ ಇಲ್ಲದ ವಿಮಾನ

ಎಲ್ಲರಿಗೂ ನಮಸ್ಕಾರ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇರುವ ಹಾಸನದಲ್ಲಿ ನಿಂತು ಆಕಾಶದ ವಿಷಯ ಮಾತಾಡಲು ಸ್ವಲ್ಪ ಅಳುಕೇ. ಆದರೂ ಇವತ್ತು ಅಷ್ಟು ಮೇಲೆ ಹೋಗುವುದಿಲ್ಲ, ವಿಮಾನ ಹಾರುವ ಎತ್ತರದಲ್ಲೇ ಇರೋಣ.

ಶಿರಾಡಿ ಘಾಟಿ ಹತ್ತುವಾಗ ಹಳೇ ಲಾರಿಯ ರೇಡಿಯೇಟರ್ ಕುದಿಯಿತು ಅಂದುಕೊಳ್ಳಿ. ಡ್ರೈವರ್ ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತುತ್ತಾನೆ. ಹೊರಗೆ ತಣ್ಣನೆ ಗಾಳಿ ಇದೆಯಲ್ಲ, ಅದೇ ಧೈರ್ಯ. ಶಬ್ದದ ಐದು ಪಟ್ಟು ವೇಗದ ವಿಮಾನಕ್ಕೆ ಆ ಧೈರ್ಯ ಇಲ್ಲ.

ಹನ್ನೆರಡು ಕಿಲೋಮೀಟರ್ ಮೇಲೆ ಗಾಳಿ ಮೈನಸ್ 56 ಡಿಗ್ರಿ. ಆದರೆ ಮೂಗಿಗೆ ಬಡಿದು ನಿಂತ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ, ಅದೂ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ ತಕ್ಕಂತೆ. ಮ್ಯಾಕ್ 2ರಲ್ಲಿ, ಅಂದರೆ ಶಬ್ದದ ಎರಡು ಪಟ್ಟು ವೇಗದಲ್ಲಿ, ಸುಮಾರು 117 ಡಿಗ್ರಿ, ಮ್ಯಾಕ್ 3ರಲ್ಲಿ 330, ಮ್ಯಾಕ್ 5ಕ್ಕೆ ಸಾವಿರ ದಾಟುತ್ತದೆ. ಮ್ಯಾಕ್ 2ರಲ್ಲಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡ್ ಮೂಗಿನ ಮಿತಿ 127 ಡಿಗ್ರಿ ಇತ್ತು. ಅಲ್ಯೂಮಿನಿಯಂ ಮೈಗೆ ಅದಕ್ಕಿಂತ ಜಾಸ್ತಿ ಆಗದು. ಹಾಗಾಗಿ ಮ್ಯಾಕ್ 3 ದಾಟುತ್ತಿದ್ದ ಅಮೆರಿಕದ ಬೇಹುಗಾರಿಕೆ ವಿಮಾನ ಎಸ್ಆರ್-71ಕ್ಕೆ ಟೈಟಾನಿಯಂ ಮೈ ಬೇಕಾಯಿತು.

ಮೈ ತಡೆದುಕೊಂಡಿತು ಸರಿ, ಒಳಗಿನ ಬಿಸಿ? ಪೈಲಟ್ ಕೂರುವ ಜಾಗ, ಹೈಡ್ರಾಲಿಕ್ ಎಣ್ಣೆ, ಎಲೆಕ್ಟ್ರಾನಿಕ್ಸ್ ಎಲ್ಲದರ ಬಿಸಿಯನ್ನೂ ಎಸ್ಆರ್-71ರಲ್ಲಿ ಇಂಧನವೇ ಹೀರಿಕೊಂಡು, ಆಮೇಲೆ ಎಂಜಿನ್‌ಗೆ ಹೋಗಿ ಉರಿಯುತ್ತಿತ್ತು. ಆ ಜೆಪಿ-7 ಇಂಧನ ಎಷ್ಟು ಮೊಂಡು ಅಂದರೆ, ಹೊತ್ತಿಸಲು ಟ್ರೈಈಥೈಲ್ ಬೋರೇನ್ ಎಂಬ ಬೇರೆ ರಾಸಾಯನಿಕವೇ ಬೇಕಿತ್ತು. ನನಗೆ ಇಡೀ ವಿಮಾನದಲ್ಲಿ ಮೆಚ್ಚುಗೆ ಆಗುವುದು ಇದೇ.

ಶಬ್ದಕ್ಕಿಂತ ವೇಗವಾಗಿ ಒಳನುಗ್ಗುವ ಗಾಳಿಯಲ್ಲೇ ಇಂಧನ ಉರಿಸುವ ಸ್ಕ್ರ್ಯಾಮ್‌ಜೆಟ್ ಎಂಜಿನ್‌ನಲ್ಲಿ ಇಂಧನಕ್ಕೆ ಇನ್ನೂ ಕಷ್ಟದ ಕೆಲಸ. ಎಂಜಿನ್ ಗೋಡೆಯೊಳಗಿನ ಸಣ್ಣ ಕಾಲುವೆಗಳಲ್ಲಿ ಹರಿಯುವಾಗ ಅದರ ಅಣುಗಳು ಒಡೆಯುತ್ತವೆ, ಒಡೆಯಲು ಬಿಸಿ ಬೇಕು, ಆ ಬಿಸಿಯನ್ನು ಗೋಡೆಯಿಂದಲೇ ಕಿತ್ತುಕೊಳ್ಳುತ್ತವೆ. ಮಿತಿ ಮೀರಿದರೆ ಇಂಗಾಲ ಕಟ್ಟಿ ಕಾಲುವೆ ಮುಚ್ಚಿಹೋಗುತ್ತದೆ, ಅಲ್ಲಿಗೆ ಗೋಡೆ ಕರಗಿತು ಅಂತಲೇ ಲೆಕ್ಕ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ಎಚ್‌ಎಸ್‌ಟಿಡಿವಿ ಎಂಬ ಪ್ರಯೋಗದ ವಾಹನದ ಸ್ಕ್ರ್ಯಾಮ್‌ಜೆಟ್ 2020ರ ಹಾರಾಟದಲ್ಲಿ ಇಪ್ಪತ್ತು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಉರಿಯಿತು. ಅಷ್ಟು ಹೊತ್ತಾದರೆ ಲೋಹವೇ ಬಿಸಿ ತಡೆದುಕೊಳ್ಳಬಹುದು. 2025ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ ನೆಲದ ಮೇಲೆ ಸಾವಿರ ಸೆಕೆಂಡಿಗೂ ಮೀರಿ ಉರಿಸಿದ್ದು ಹೀಗೆ ತಂಪು ಮಾಡಿಕೊಳ್ಳುವ ಎಂಜಿನ್ನಿನ ಸಣ್ಣ ಗಾತ್ರದ ದಹನಕೋಣೆಯನ್ನೇ.

ಇನ್ನು ಕರೆಂಟು. ಇಲ್ಲಿ ಹೋದರೆ ಯುಪಿಎಸ್ ಇದೆ, ಅಲ್ವಾ? ಮಾಮೂಲಿ ಜೆಟ್‌ನಲ್ಲಿ ತಿರುಗುವ ಶಾಫ್ಟ್ ಜನರೇಟರನ್ನು ಓಡಿಸುತ್ತದೆ. ಸ್ಕ್ರ್ಯಾಮ್‌ಜೆಟ್‌ನಲ್ಲಿ ತಿರುಗುವುದು ಏನೂ ಇಲ್ಲ! ಸಣ್ಣ ಹಾರಾಟಕ್ಕೆ ಬ್ಯಾಟರಿ ಸಾಕು. ಅಮೆರಿಕದ ರಾಕೆಟ್ ವಿಮಾನ ಎಕ್ಸ್-15ರಲ್ಲಿ ಕರೆಂಟಿಗಾಗಿ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಓಡುವ ಪುಟ್ಟ ಘಟಕಗಳಿದ್ದವು. ದೊಡ್ಡ ವಿಮಾನಕ್ಕಿರುವ ಒಂದು ಯೋಚನೆ ಹೀಗಿದೆ: ಕಾದು ಅನಿಲವಾದ ಇಂಧನ ಉರಿಯುವ ಮೊದಲು ಒಂದು ಟರ್ಬೈನ್ ತಿರುಗಿಸಲಿ. ಆದರೆ ಆ ಕರೆಂಟು ರೇಡಾರ್, ಕಂಪ್ಯೂಟರ್‌ಗಳಲ್ಲಿ ಖರ್ಚಾಗಿ ಮತ್ತೆ ಬಿಸಿಯೇ ಆಗುತ್ತದೆ. ಅದನ್ನೂ ಹೊರಬೇಕಾದ್ದು ಇಂಧನವೇ. ಹಾಗಾಗಿ ಕರೆಂಟಿನವರು ಒಂದು ಕೋಣೆ, ಕೂಲಿಂಗಿನವರು ಇನ್ನೊಂದು ಕೋಣೆ ಅಂತ ಕೂತು ಇಂಥ ವಿಮಾನ ಮಾಡಲು ಆಗುವುದಿಲ್ಲ.

ಅತಿ ಕಷ್ಟ ಬರುವುದು ಕೊನೆಗೆ. ಟ್ಯಾಂಕ್ ಖಾಲಿ ಆಗುತ್ತಾ ಬಂದಂತೆ ಬಿಸಿ ಹಾಕುವ ಜಾಗವೂ ಕಡಿಮೆ. ವೇಗ ಇಳಿಸಲು ಇಂಧನ ಕಡಿಮೆ ಮಾಡಿದಿರೋ, ತಂಪೂ ಕಡಿಮೆಯಾಯಿತು. ಮೈಯಲ್ಲಿ ಕೂತ ಬಿಸಿ ಮಾತ್ರ ಅಲ್ಲೇ ಇರುತ್ತದೆ. ಆದ್ದರಿಂದ ಹಾರಲು ಬೇಕಾದಷ್ಟು ಇಂಧನದ ಮೇಲೆ ಬರೀ ತಂಪಿಗಂತ ಇನ್ನಷ್ಟು ಹೊರಬೇಕಾಗಬಹುದು. ತೂಕ ಜಾಸ್ತಿಯಾದರೆ ಎಂಜಿನ್‌ಗೂ ಕೆಲಸ ಜಾಸ್ತಿ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸುತ್ತೇನೆ, ಯಾರಾದರೂ ಒಂದು ಚಾಕ್‌ಪೀಸ್ ಕೊಡಿ.