ಹ್ಯಾಂಡ್‌ಬಾಲ್ ಅಂಗಳದ ಕೋರ್ಟು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮೆಕ್ಸಿಕೊ ಗಡಿಯ ಹತ್ತಿರ ಸ್ಯಾನ್ ಡಿಯೇಗೊ ಅಂತ ಊರು. ನೌಕಾಪಡೆಯ ದೊಡ್ಡ ನೆಲೆ. 1980ರ ಹೊತ್ತಿಗೆ ಅಲ್ಲಿ ಸಮವಸ್ತ್ರ ತೊಟ್ಟವರಷ್ಟೇ ಅಲ್ಲ, ಅದನ್ನು ಕಳಚಿಟ್ಟವರೂ ಬೀದಿಯಲ್ಲಿ ಸಿಗುತ್ತಿದ್ದರು. ವಿಯೆಟ್ನಾಂ ಯುದ್ಧದಿಂದ ಬಂದವರು. ಕೆಲವರಿಗೆ ನಿದ್ದೆ ಇಲ್ಲ, ಕೆಲವರಿಗೆ ಕುಡಿತ, ಮನೆಯಲ್ಲಿ ನಿಲ್ಲಲಾಗದೆ ಫುಟ್‌ಪಾತಿಗೆ ಬಂದವರು ಇನ್ನು ಕೆಲವರು.

1981ರಲ್ಲಿ ಅದೇ ಯುದ್ಧ ಕಂಡ ಐವರು ಸೇರಿ ಒಂದು ಸಂಘ ಕಟ್ಟಿದರು. ಈಗ ಅದಕ್ಕೆ ವೆಟರನ್ಸ್ ವಿಲೇಜ್ ಆಫ್ ಸ್ಯಾನ್ ಡಿಯೇಗೊ ಅಂತ ಹೆಸರು. ಅದರ ಶಿಬಿರದಲ್ಲಿ ಹುಟ್ಟಿದ ಒಂದು ಕೋರ್ಟಿನ ಕಥೆಯನ್ನು ನಾನು 1988ರಿಂದ ಹಿಡಿಯುತ್ತೇನೆ.

ರಣರಂಗದಲ್ಲಿ ಬಳಲಿದ ತುಕಡಿಯನ್ನು ಹಿಂದಕ್ಕೆ ಕರೆಸಿಕೊಂಡು ಸ್ನಾನ, ಬಿಸಿಯೂಟ, ಒಗೆದ ಬಟ್ಟೆ, ನಿರ್ಭಯವಾದ ನಿದ್ದೆ ಕೊಡುವುದಕ್ಕೆ ಸೈನಿಕರು 'ಸ್ಟ್ಯಾಂಡ್ ಡೌನ್' ಅನ್ನುತ್ತಿದ್ದರು. ಸಂಘದ ರಾಬರ್ಟ್ ವ್ಯಾನ್ ಕ್ಯೂರೆನ್, ಜಾನ್ ನಾಚಿಸನ್ ಮತ್ತು ಜೊತೆಗಾರರು ಆ ಮಾತನ್ನೇ ಊರೊಳಗೆ ತಂದರು. ಬೀದಿಪಾಲಾದ ಮಾಜಿ ಸೈನಿಕರಿಗಾಗಿ ಹೈಸ್ಕೂಲಿನ ಮೈದಾನದಲ್ಲಿ ಮೂರು ದಿನ ಡೇರೆ ಹಾಕಿಸಿದರು. ಕ್ಷೌರ, ಹಲ್ಲಿನ ಡಾಕ್ಟರು, ಪಿಂಚಣಿಯ ಕಾಗದಪತ್ರ, ಎಲ್ಲವೂ ಅಲ್ಲೇ.

ಹೊರಡುವಾಗ ಬಂದವರನ್ನು ಕೇಳಿದರು: ನಿಮಗೆ ಎಲ್ಲಕ್ಕಿಂತ ಮೊದಲು ಆಗಬೇಕಾದ್ದೇನು? ಮನೆ, ಕೆಲಸ ಅಂದಾರು ಅಂತ ನೀವೂ ನಾನೂ ಎಣಿಸುತ್ತೇವೆ. 500 ಮಂದಿಯಲ್ಲಿ 116 ಮಂದಿ ಹೇಳಿದ್ದು, ನನ್ನ ಮೇಲಿರುವ ಕೇಸು ಬಗೆಹರಿಸಿ.

ಎಂಥ ಕೇಸು? ಫುಟ್‌ಪಾತಿನಲ್ಲಿ ಮಲಗಿದ್ದು, ಬಯಲಲ್ಲಿ ಕುಡಿದದ್ದು, ಟಿಕೆಟಿಲ್ಲದೆ ಟ್ರಾಲಿ ಎಂಬ ಊರ ರೈಲು ಹತ್ತಿದ್ದು. ಪೊಲೀಸರು ಚೀಟಿ ಬರೆಯುತ್ತಾರೆ. ದಂಡಕ್ಕೆ ದುಡ್ಡಿಲ್ಲ. ಕೋರ್ಟಿನ ನೋಟಿಸು ಬರಬೇಕೆಂದರೆ ವಿಳಾಸವಿಲ್ಲ. ತಾರೀಕು ತಪ್ಪಿತು, ವಾರೆಂಟು ಹೊರಟಿತು. ಆಮೇಲೆ ಡ್ರೈವಿಂಗ್ ಲೈಸೆನ್ಸು ಸಿಗದು, ಲೈಸೆನ್ಸಿಲ್ಲದವನಿಗೆ ಕೆಲಸ ಸಿಗದು, ಬಾಡಿಗೆಗೆ ಕೋಣೆಯೂ ಸಿಗದು. ಕೋರ್ಟಿಗೆ ಹೋಗೋಣವೆಂದರೆ ಬಾಗಿಲಲ್ಲೇ ಹಿಡಿದರೆ ಎಂಬ ಅಂಜಿಕೆ. ಮಲಗಿದ್ದಕ್ಕೆ ಬಿದ್ದ ಚೀಟಿ ಅವನನ್ನು ಮತ್ತೆ ಅಲ್ಲೇ ಮಲಗಿಸುತ್ತದೆ!

ಬಡವರ ಪರ ವಾದಿಸುವ ಸರಕಾರಿ ವಕೀಲ ಸ್ಟೀವ್ ಬೈಂಡರ್ ಇದನ್ನು ಕಿವಿಗೆ ಹಾಕಿಕೊಂಡರು. ಮರುವರ್ಷ, 1989ರಲ್ಲಿ, ನ್ಯಾಯಾಧೀಶರೇ ಮೈದಾನಕ್ಕೆ ಬಂದರು. ಕೂತದ್ದು ಶಾಲೆಯ ಹ್ಯಾಂಡ್‌ಬಾಲ್ ಅಂಗಳದಲ್ಲಿ. ಆಟದ ಅಂಗಳಕ್ಕೂ ಅಲ್ಲಿ 'ಕೋರ್ಟ್' ಅಂತಲೇ ಅನ್ನುತ್ತಾರೆ, ಹಾಗಾಗಿ ಹೆಸರಿಗೇನೂ ಕೊರತೆಯಾಗಲಿಲ್ಲ.

ಆಮೇಲೆ ಸ್ಟ್ಯಾಂಡ್ ಡೌನ್ ಶಿಬಿರಗಳು ದೇಶದ ಊರೂರಿಗೆ ಹಬ್ಬಿದವು. ನನಗೆ ಮಾತ್ರ ಆ ಅಂಗಳದ ಕೋರ್ಟು ಬೆಳೆದದ್ದೇ ಹೆಚ್ಚಿನದು ಅನ್ನಿಸುತ್ತದೆ. ವರ್ಷಕ್ಕೊಮ್ಮೆ ಕೂರುತ್ತಿದ್ದದ್ದು 1999ರ ಹೊತ್ತಿಗೆ ತಿಂಗಳಿಗೊಮ್ಮೆಯಾಯಿತು, ಅದೂ ಆಶ್ರಯಧಾಮಗಳಲ್ಲೇ.

ಅಲ್ಲಿ ದಂಡವಿಲ್ಲ, ಜೈಲಿಲ್ಲ. ಕುಡಿತ ಬಿಡಿಸುವ ತರಗತಿಗೆ ಎಷ್ಟು ದಿನ ಬಂದ, ಯಾವ ಕೆಲಸ ಕಲಿತ ಎಂದು ಧಾಮದವರು ಕಾಗದದಲ್ಲಿ ಬರೆದುಕೊಡುತ್ತಾರೆ. ಅದೇ ಅನುಭವಿಸಿದ ಶಿಕ್ಷೆ ಎಂದು ಲೆಕ್ಕ. ನ್ಯಾಯಾಧೀಶರು ಓದುತ್ತಾರೆ, ಎದುರಿಗೆ ನಿಂತವನ ಜೊತೆ ಎರಡು ಮಾತಾಡುತ್ತಾರೆ, ಕೇಸು ವಜಾ ಮಾಡುತ್ತಾರೆ. ಲೈಸೆನ್ಸಿನ ಅರ್ಜಿಗೆ ಅವನು ಇನ್ನು ಅಂಜದೆ ಸಹಿ ಹಾಕಬಹುದು.

ನಮಸ್ಕಾರ.