ಹೆಕ್ಲರನ ಲೆಕ್ಕ, ಯೆಹೆಜ್ಕೇಲನ ಮಾತು

ಅಧ್ಯಕ್ಷರಿಗೂ ಸಭಿಕರಿಗೂ ನಮಸ್ಕಾರ. ಯೆಹೂದ್ಯರು ಪ್ಯಾಲೆಸ್ಟೈನಿಗೆ ಮರಳುವುದು ಬೈಬಲಿನ ಪ್ರವಾದನೆಯ ನೆರವೇರಿಕೆಯೇ, ಕ್ರೈಸ್ತರು ಇದನ್ನು ಹೇಗೆ ಓದಿದ್ದಾರೆ ಎಂಬುದು ಇಂದಿನ ಮಾತು.

1896ರ ಮಾರ್ಚಿನಲ್ಲಿ ವಿಯೆನ್ನಾದ ಪತ್ರಕರ್ತ ಥಿಯೋಡರ್ ಹರ್ಟ್ಜೆಲ್‌ನನ್ನು ಹುಡುಕಿಕೊಂಡು ಉದ್ದ ಗಡ್ಡದ ಪಾದ್ರಿಯೊಬ್ಬ ಬಂದ. ಹೆಸರು ವಿಲಿಯಂ ಹೆಕ್ಲರ್. ಅಲ್ಲಿನ ಬ್ರಿಟಿಷ್ ರಾಯಭಾರ ಕಚೇರಿಯ ಪಾದ್ರಿ. ಜರ್ಮನ್ ಮಿಷನರಿಯ ಮಗ. ಹುಟ್ಟಿದ್ದು 1845ರಲ್ಲಿ, ನಮ್ಮ ಕಾಶಿಯಲ್ಲಿ. ಯೆಹೂದ್ಯರಿಗೆ ಅವರದೇ ರಾಜ್ಯ ಬೇಕೆಂದು ಹರ್ಟ್ಜೆಲ್ ಬರೆದ ಕಿರುಹೊತ್ತಗೆ ಆಗಷ್ಟೇ ಅಚ್ಚಾಗಿತ್ತು. ದೇವರು ದಿಂಡರು ಎಂದು ಹರ್ಟ್ಜೆಲ್ ಹೆಚ್ಚು ತಲೆಕೆಡಿಸಿಕೊಂಡವನಲ್ಲ. ಬಂದವನು ಮಾತ್ರ, ಇದನ್ನೆಲ್ಲ ಬೈಬಲ್ ಮೊದಲೇ ಹೇಳಿಟ್ಟಿದೆ ಎಂದು ಪಟ್ಟುಹಿಡಿದು ಕೂತ.

ಕೆಲವು ದಿನ ಬಿಟ್ಟು ಹರ್ಟ್ಜೆಲ್ ಅವನ ಮನೆಗೆ ಹೋದ. ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಗೋಡೆತುಂಬ ಬೈಬಲ್‌ಗಳು, ಪುರಾತನ ದೇವಾಲಯದ ಮಾದರಿ, ನಾಲ್ಕು ಹಾಳೆಗಳ ಪ್ಯಾಲೆಸ್ಟೈನ್ ಭೂಪಟ. ಬಿಡಿಸಿದರೆ ನೆಲವೆಲ್ಲ ಅದೇ. ಹೊಸ ದೇವಾಲಯ ಬೇತೇಲಿನಲ್ಲಿ ಏಳಬೇಕು, ದೇಶದ ನಟ್ಟನಡುವೆ ಇರುವುದು ಅದೇ ಎಂದು ಹೆಕ್ಲರ್ ಜಾಗ ತೋರಿಸಿದನಂತೆ.

ಅವನ ಲೆಕ್ಕ ಹೀಗೆ. ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು, ಪರಿಶುದ್ಧ ಪಟ್ಟಣವಾದ ಯೆರೂಸಲೇಮನ್ನು 42 ತಿಂಗಳು ತುಳಿದಾಡುವರು ಎನ್ನುತ್ತದೆ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 11ನೇ ಅಧ್ಯಾಯ. ತಿಂಗಳಿಗೆ 30 ದಿನ ಹಿಡಿದರೆ 1260 ದಿನ. ಪ್ರವಾದನೆಯಲ್ಲಿ ದಿನವೆಂದರೆ ವರ್ಷ ಎಂದುಕೊಂಡರೆ 1260 ವರ್ಷ. ಖಲೀಫ ಉಮರ್ ಯೆರೂಸಲೇಮನ್ನು ವಶಪಡಿಸಿಕೊಂಡದ್ದು 637ರ ಸುಮಾರಿಗೆ. ಕೂಡಿಸಿದರೆ 1897. ಆ ವರ್ಷದ ಆಗಸ್ಟ್‌ನಲ್ಲೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೊದಲ ಜಿಯೋನಿಸ್ಟ್ ಸಮ್ಮೇಳನ, ಅಂದರೆ ಪ್ಯಾಲೆಸ್ಟೈನಿನಲ್ಲಿ ಯೆಹೂದ್ಯರಿಗೆ ನೆಲೆ ಬೇಕೆನ್ನುವವರ ಸಮ್ಮೇಳನ ನಡೆಯಿತು, ಹೆಕ್ಲರ್ ಅಲ್ಲಿದ್ದ. ಮಂಗಳೂರಿಗೆ ಅಚ್ಚುಕೂಟವನ್ನೂ ಹಂಚಿನ ಕಾರ್ಖಾನೆಯನ್ನೂ ತಂದ ಮಿಷನ್‌ನ ಊರೂ ಅದೇ ಬಾಸೆಲ್.

ಕೇಳಲು ಚೆನ್ನಾಗಿದೆ. ಆದರೆ 637ರಿಂದಲೇ ಏಕೆ ಎಣಿಸಬೇಕು? ರೋಮನ್ನರು ದೇವಾಲಯ ಸುಟ್ಟ 70ನೇ ಇಸವಿಯಿಂದ ಎಣಿಸಿದರೆ 1330 ಬರುತ್ತದೆ. ಆಗ ಯಾರೂ ಮರಳಲಿಲ್ಲ. ಎಲ್ಲಿಗೆ ತಲುಪಬೇಕೆಂದು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಹೊರಡುವ ಜಾಗ ಹುಡುಕಿದ ಲೆಕ್ಕ ಇದು. ಲೆಕ್ಕ ಪೊಳ್ಳಾದರೇನು, ಹಾಕಿದವನಿಗೆ ದೊಡ್ಡವರ ಪರಿಚಯವಿತ್ತು. ಜರ್ಮನಿಯ ಬಾಡೆನ್ ಸಂಸ್ಥಾನದ ಗ್ರ್ಯಾಂಡ್ ಡ್ಯೂಕ್ ಫ್ರೆಡರಿಕ್‌ನ ಮಗನಿಗೆ ಅವನು ಹಿಂದೆ ಪಾಠ ಹೇಳಿದ್ದ. ಹೀಗಾಗಿ ಹರ್ಟ್ಜೆಲ್‌ಗೆ ಡ್ಯೂಕ್ ಸಿಕ್ಕಿದ, ಡ್ಯೂಕ್‌ನಿಂದ ಜರ್ಮನ್ ಚಕ್ರವರ್ತಿ ಕೈಸರ್ ಎರಡನೇ ವಿಲ್ಹೆಲ್ಮ್ ಸಿಕ್ಕಿದ. 1898ರ ನವೆಂಬರ್ 2ರಂದು ಯೆರೂಸಲೇಮಿನಲ್ಲೇ ಭೇಟಿಯಾಯಿತು. ಕೆಲಸ ಮಾತ್ರ ಆಗಲಿಲ್ಲ. ಪ್ಯಾಲೆಸ್ಟೈನಿನಲ್ಲಿ ಯೆಹೂದ್ಯರ ನೆಲೆಗೆ ಬ್ರಿಟನ್ ಬೆಂಬಲ ಸಾರಿದ ಬಾಲ್ಫರ್ ಘೋಷಣೆ ಬಂದದ್ದು 1917ರ ನವೆಂಬರ್ 2ರಂದು. ತಾರೀಖಿನಲ್ಲಿ ದೇವರ ಕೈ ಹುಡುಕುವವರು ಇದನ್ನು ಬಿಟ್ಟಾರೆಯೇ!

ಈಗ ಗ್ರಂಥಕ್ಕೆ ಬರೋಣ. ಪ್ರವಾದಿಗಳು ಮಾತಾಡಿದ್ದು ಕಣ್ಣೆದುರಿಗಿದ್ದ ಜನರೊಂದಿಗೆ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರು 'ನಮ್ಮ ಎಲುಬುಗಳು ಒಣಗಿಹೋದವು' ಎಂದು ಕೈಚೆಲ್ಲಿದಾಗ, ಒಣ ಎಲುಬುಗಳಿಗೆ ಜೀವ ಬಂದ ದರ್ಶನವನ್ನು ಹೇಳಿದವನು ಯೆಹೆಜ್ಕೇಲ. ಕ್ರಿ.ಪೂ. 538ರಲ್ಲಿ ಪರ್ಷಿಯದ ಅರಸ ಕೋರೆಷ ಊರಿಗೆ ಮರಳಲು ಅಪ್ಪಣೆ ಕೊಟ್ಟ. ಅಲ್ಲಿಗೆ ಪ್ರವಾದನೆ ನೆರವೇರಿತು, ಬಾಕಿ ಏನೂ ಉಳಿದಿಲ್ಲ ಎನ್ನುವ ಕ್ರೈಸ್ತರಿದ್ದಾರೆ.

ಶತಮಾನಗಳ ಕಾಲ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹೆಚ್ಚು ನಡೆದ ವಾದ ಬೇರೆ. ವಾಗ್ದಾನಗಳೆಲ್ಲ ಕ್ರಿಸ್ತನಲ್ಲಿ ಸಭೆಗೆ ಸಂದಿವೆ, ಇಸ್ರಾಯೇಲ್ ಎಂದರೆ ಇನ್ನು ಸಭೆಯೇ ಎಂಬುದು. ಯೆಹೂದ್ಯರು ಚದರಿಹೋಗಿರುವುದು ತಮ್ಮ ಗ್ರಂಥಗಳ ಮೂಲಕ ಎಲ್ಲೆಡೆ ಸಾಕ್ಷಿಯಾಗಲೆಂದೇ ಎಂದ ಪ್ರಾಚೀನ ಸಭೆಯ ಪಂಡಿತ ಅಗಸ್ಟೀನ್. ಈ ವಾದಕ್ಕೆ ತೊಡಕಾಗುವುದು ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ. ಎಣ್ಣೇಮರದ (ಆಲಿವ್ ಮರದ) ಕೆಲವು ಕೊಂಬೆಗಳು ಮುರಿದುಬಿದ್ದ ಕಡೆ ನಿಮ್ಮನ್ನು ಕಸಿಕಟ್ಟಿದ್ದಾರೆ, ಅದಕ್ಕೇ ಬೀಗಬೇಡಿ ಎಂದು ಅನ್ಯಜನರಿಗೆ ಎಚ್ಚರಿಸುತ್ತಾನೆ. ಇಸ್ರಾಯೇಲೆಲ್ಲ ರಕ್ಷಣೆ ಹೊಂದುವುದು ಎಂದೂ ಹೇಳುತ್ತಾನೆ. ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಆ ಇಸ್ರಾಯೇಲನ್ನು ಯೆಹೂದ್ಯರೂ ಅನ್ಯಜನರೂ ಕೂಡಿದ ಸಭೆ ಎಂದು ಓದಿದ. ಇಂಗ್ಲೆಂಡಿನ ಕಟ್ಟಾ ಪ್ರಾಟೆಸ್ಟೆಂಟರಾದ ಪ್ಯೂರಿಟನ್ನರಲ್ಲಿ ಅನೇಕರು ಯೆಹೂದಿ ಜನಾಂಗವೆಂದೇ ಓದಿದರು. ನನಗೆ ಪ್ಯೂರಿಟನ್ನರ ಓದೇ ಸರಿ ಅನ್ನಿಸುತ್ತದೆ. ಆದರೆ ಆ ಅಧ್ಯಾಯದಲ್ಲಿ ನೆಲಕ್ಕೆ ಮರಳುವ ಮಾತೇ ಇಲ್ಲ, ಅದನ್ನೂ ಒಪ್ಪಬೇಕು.

ನೆಲವನ್ನು ನಡುಮಧ್ಯಕ್ಕೆ ತಂದವರಲ್ಲಿ ಮುಖ್ಯನಾದವನು 19ನೇ ಶತಮಾನದ ಜಾನ್ ನೆಲ್ಸನ್ ಡಾರ್ಬಿ. ಸಭೆ ಬೇರೆ, ಇಸ್ರಾಯೇಲ್ ಬೇರೆ, ದೇವರು ಎರಡಕ್ಕೂ ಬೇರೆಬೇರೆ ದಾರಿ ಇಟ್ಟಿದ್ದಾನೆ ಎಂಬುದು ಅವನ ಬೋಧನೆ. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳಲ್ಲಿ ಸೇರಿಕೊಂಡು ಅದು ಅಮೆರಿಕದಲ್ಲಿ ಮನೆಮಾತಾಯಿತು. 1948ರಲ್ಲಿ ಇಸ್ರೇಲ್ ಹುಟ್ಟಿದಾಗ, 1967ರಲ್ಲಿ ಯೆರೂಸಲೇಮಿನ ಹಳೆಯ ಪಟ್ಟಣ ಅದರ ಕೈಗೆ ಬಂದಾಗ, 'ನಾವು ಹೇಳಲಿಲ್ಲವೇ' ಎಂದರು ಈ ಪಂಥದವರು. ಇದರೊಳಗಿನ ಮುಳ್ಳನ್ನು ನೋಡಿ. ಇವರ ಪ್ರಕಾರ ಮರಳಿ ಬಂದ ಯೆಹೂದ್ಯರಿಗೆ ಕಾದಿರುವುದು ಲೋಕಾಂತ್ಯದ ಮಹಾಸಂಕಟ. ಜೆಕರ್ಯನ 13ನೇ ಅಧ್ಯಾಯದ ಪ್ರಕಾರ ಮೂರರಲ್ಲಿ ಎರಡು ಪಾಲು ಸಾಯಬೇಕು, ಉಳಿದವರು ಯೇಸುವನ್ನು ಒಪ್ಪಬೇಕು ಎಂದು ಇವರಲ್ಲಿ ಅನೇಕರು ಬೋಧಿಸುತ್ತಾರೆ. ಇದನ್ನು ಸ್ನೇಹ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಹೆಕ್ಲರನನ್ನು ಇವರ ಸಾಲಿಗೆ ಸೇರಿಸಬಾರದು; ಮರಳುವುದಕ್ಕೆ ಅವನು ಮತಾಂತರದ ಷರತ್ತು ಹಾಕಲಿಲ್ಲ.

ರೋಮಿನ ಕಥೋಲಿಕ ಸಭೆಯ ದಾರಿ ಇನ್ನೊಂದು. ಯೆಹೂದ್ಯರು ನಮ್ಮ ಕರ್ತನನ್ನು ಒಪ್ಪಿಲ್ಲ, ಆದ್ದರಿಂದ ನಾವು ಅವರನ್ನು ಒಪ್ಪಲಾರೆವು ಎಂದು 1904ರಲ್ಲಿ ಹತ್ತನೇ ಪಯಸ್ ಪೋಪರು ತಮ್ಮನ್ನು ಕಾಣಲು ಬಂದ ಹರ್ಟ್ಜೆಲ್‌ಗೆ ಹೇಳಿದರು. ಯೇಸುವಿನ ಸಾವಿನ ಹೊಣೆಯನ್ನು ಇಡೀ ಯೆಹೂದಿ ಜನಾಂಗದ ಮೇಲೆ ಹೊರಿಸಬಾರದು ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು 1965ರಲ್ಲಿ. 1993ರಲ್ಲಿ ಇಸ್ರೇಲ್ ಜೊತೆ ಒಪ್ಪಂದವೂ ಆಯಿತು, ಪ್ರವಾದನೆಯ ಗೊಡವೆಯಿಲ್ಲದೆ.

ಇಷ್ಟೆಲ್ಲ ಚರ್ಚೆ ಲಂಡನ್, ವಿಯೆನ್ನಾ, ಅಮೆರಿಕಗಳಲ್ಲಿ ನಡೆಯುವಾಗ ಆ ನೆಲದಲ್ಲೇ ಕ್ರೈಸ್ತರಿದ್ದರು, ಬೇತ್ಲೆಹೇಮಿನಲ್ಲಿ, ನಜರೇತಿನಲ್ಲಿ, ಅರಬ್ಬಿ ಮಾತಾಡುವವರು. ಅವರನ್ನು ಕೇಳಿದವರು ಕಡಿಮೆ. 2006ರಲ್ಲಿ ಯೆರೂಸಲೇಮಿನ ಲ್ಯಾಟಿನ್, ಸಿರಿಯನ್ ಆರ್ಥೊಡಾಕ್ಸ್, ಆಂಗ್ಲಿಕನ್, ಲುಥೆರನ್ ಸಭೆಗಳ ಮುಖ್ಯಸ್ಥರು ಕ್ರೈಸ್ತ ಜಿಯೋನಿಸಂ, ಅಂದರೆ ಬೈಬಲಿನ ಹೆಸರಿನಲ್ಲಿ ಜಿಯೋನಿಸಂ ಬೆಂಬಲಿಸುವ ಕ್ರೈಸ್ತರ ವಾದ, ಸುಳ್ಳು ಬೋಧನೆ ಎಂದು ಸಹಿಹಾಕಿ ಹೇಳಿದರು.

ಕೊನೆಗೆ ಯೆಹೆಜ್ಕೇಲನದೇ 47ನೇ ಅಧ್ಯಾಯ. ಮರಳಿದವರು ನೆಲ ಹಂಚಿಕೊಳ್ಳುವಾಗ, ತಮ್ಮ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗಳನ್ನೂ ಸ್ವದೇಶದವರಂತೆ ಎಣಿಸಿ ಅವರಿಗೂ ಸ್ವಾಸ್ತ್ಯ (ನೆಲದ ಪಾಲು) ಕೊಡಬೇಕು ಎನ್ನುತ್ತದೆ ಅದು. ಒಣ ಎಲುಬುಗಳ 37ನೇ ಅಧ್ಯಾಯದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ, ಈ ವಚನಗಳ ಮೇಲೆ ಒಂದನ್ನೂ ಕೇಳಿಲ್ಲ. ಇನ್ನು ನಿಮ್ಮ ಪ್ರಶ್ನೆಗಳು.