ಆಕ್ಸ್‌ಫರ್ಡ್‌ಗೆ ಹೋದರೆ ಗೋಡೆಗಳನ್ನು ನೋಡಿ

ನಮಸ್ಕಾರ. ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಇಂಗ್ಲೆಂಡಿಗೆ ಹೋಗುವ ನಮ್ಮ ಹಿರಿಯರನ್ನು ಮಕ್ಕಳು ಯಾವುದಾದರೊಂದು ಶನಿವಾರ ತಪ್ಪದೆ ಕರೆದೊಯ್ಯುವ ಊರು ಆಕ್ಸ್‌ಫರ್ಡ್. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಳಿದವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಯೂನಿವರ್ಸಿಟಿ ಎಲ್ಲಿದೆ?’ ಇದಕ್ಕೆ ಬೆರಳು ತೋರಿಸಿ ಉತ್ತರ ಹೇಳಲು ಬರುವುದಿಲ್ಲ. ಮಾನಸಗಂಗೋತ್ರಿಯ ಹಾಗೆ ಒಂದು ಆವರಣ, ಅದಕ್ಕೊಂದು ಹೆಸರಿನ ಫಲಕ ಅಲ್ಲಿಲ್ಲ. ಮೂವತ್ತಕ್ಕೂ ಹೆಚ್ಚು ಕಾಲೇಜುಗಳು ಊರಿನ ತುಂಬ ಹರಡಿಕೊಂಡಿವೆ. ಒಂದೊಂದಕ್ಕೂ ತನ್ನದೇ ಎತ್ತರದ ಗೋಡೆ, ತನ್ನದೇ ಹೆಬ್ಬಾಗಿಲು, ಬಾಗಿಲಲ್ಲಿ ‘ಇಂದು ಸಂದರ್ಶಕರಿಗೆ ಪ್ರವೇಶವಿಲ್ಲ’ ಎಂಬ ಹಲಗೆ.

ಬಂದವರು ಏನು ಮಾಡುತ್ತಾರೆ? ಕ್ರೈಸ್ಟ್ ಚರ್ಚ್ ಕಾಲೇಜಿನ ಊಟದ ಮನೆಗೆ ಟಿಕೆಟ್ ಕೊಳ್ಳುತ್ತಾರೆ, ಹ್ಯಾರಿ ಪಾಟರ್ ಸಿನಿಮಾದಲ್ಲಿ ಕಂಡ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ವಿಶ್ವವಿದ್ಯಾಲಯದ ಹೆಸರು ಅಚ್ಚಾದ ಟೀ ಶರ್ಟ್ ಕೊಂಡು ಸಂಜೆಯ ರೈಲಿಗೆ ಮರಳುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ರ‍್ಯಾಡ್‌ಕ್ಲಿಫ್ ಕ್ಯಾಮೆರಾ ಎಂಬ ಆ ಗುಂಡನೆಯ ಗ್ರಂಥಾಲಯ ಕಟ್ಟಡವನ್ನು ಕಂಡು ಮನಸ್ಸು ಅರಳದಿದ್ದರೆ ಕಣ್ಣಿನ ಡಾಕ್ಟರನ್ನು ಕಾಣುವುದು ಒಳ್ಳೆಯದು. ಆದರೆ ಆ ಊರಿನ ಕಥೆ ಗೋಡೆಯ ಒಳಗಿಗಿಂತ ಹೊರಗೇ ಹೆಚ್ಚಿದೆ ಎಂಬುದು ನನ್ನ ವಾದ. ಯಾರು ಒಳಗೆ, ಯಾರು ಹೊರಗೆ, ಅದನ್ನು ತೀರ್ಮಾನಿಸಿದವರು ಯಾರು? ಎಂಟು ನೂರು ವರ್ಷಗಳಿಂದ ಆ ಊರು ಜಗಳವಾಡಿರುವುದೇ ಇದಕ್ಕಾಗಿ.

ಊರಿನ ನಟ್ಟನಡುವೆ ಕಾರ್‌ಫ್ಯಾಕ್ಸ್ ಎಂಬ ನಾಲ್ಕು ದಾರಿ ಕೂಡುವ ಜಾಗವಿದೆ. ಬಸ್ಸು, ಸೈಕಲ್ಲು, ಪ್ರವಾಸಿಗರ ನೂಕುನುಗ್ಗಲು. ಅಲ್ಲೊಂದು ಗೋಡೆಯ ಮೇಲೆ ಸ್ವಿಂಡಲ್‌ಸ್ಟಾಕ್ ಎಂಬ ಹೆಂಡದಂಗಡಿಯ ಹೆಸರು ಕೆತ್ತಿದ ಕಲ್ಲಿದೆ. ತಲೆ ಎತ್ತಿ ಓದುವವರು ಕಡಿಮೆ. 1355ರ ಫೆಬ್ರುವರಿ 10ರಂದು ಆ ಅಂಗಡಿಯಲ್ಲಿ ಕೆಲವು ವಿದ್ಯಾರ್ಥಿಗಳು ದ್ರಾಕ್ಷಾರಸ ಚೆನ್ನಾಗಿಲ್ಲವೆಂದು ಜಗಳ ತೆಗೆದರು. ಮಾತಿಗೆ ಮಾತು ಬೆಳೆದು ಅಂಗಡಿಯವನ ಮುಖಕ್ಕೆ ಅದನ್ನೇ ಎರಚಿದರು. ಊರಿನವರು ತಮ್ಮ ಚರ್ಚಿನ ಗಂಟೆ ಬಾರಿಸಿ ಜನ ಸೇರಿಸಿದರು. ವಿದ್ಯಾರ್ಥಿಗಳು ಸೇಂಟ್ ಮೇರಿ ಚರ್ಚಿನ ಗಂಟೆ ಬಾರಿಸಿದರು. ಸುತ್ತಲಿನ ಹಳ್ಳಿಗಳಿಂದಲೂ ಜನ ನುಗ್ಗಿದರು. ಮೂರು ದಿನ ನಡೆದ ಕಾಳಗದಲ್ಲಿ ವಿಶ್ವವಿದ್ಯಾಲಯದ ಕಡೆಯ 63 ಮಂದಿ, ಊರಿನ ಕಡೆಯ ಸುಮಾರು 30 ಮಂದಿ ಸತ್ತರೆಂದು ಹೇಳಲಾಗುತ್ತದೆ.

ನನಗೆ ಆ ಕಾಳಗಕ್ಕಿಂತ ಅದರ ನಂತರ ನಡೆದದ್ದು ಮುಖ್ಯ. ದೊರೆ ಮೂರನೆಯ ಎಡ್ವರ್ಡ್ ವಿಶ್ವವಿದ್ಯಾಲಯದ ಪಕ್ಷ ವಹಿಸಿದ. ಊರಿನಲ್ಲಿ ಮಾರುವ ರೊಟ್ಟಿ, ಮದ್ಯ, ತೂಕ, ಅಳತೆ ಎಲ್ಲದರ ಮೇಲಿನ ಅಧಿಕಾರ ಮೇಷ್ಟರುಗಳ ಕೈಗೆ ಹೋಯಿತು. ಸಾಲದೆಂಬಂತೆ, ಪ್ರತಿ ವರ್ಷ ಅದೇ ದಿನ ಊರಿನ ಮೇಯರ್ ತನ್ನ ಜನರೊಂದಿಗೆ ಸೇಂಟ್ ಮೇರಿ ಚರ್ಚಿಗೆ ಬಂದು, ಸತ್ತ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದು ಪೆನ್ನಿಯಂತೆ 63 ಪೆನ್ನಿ ತಪ್ಪುಕಾಣಿಕೆ ಸಲ್ಲಿಸಬೇಕೆಂದು ಗೊತ್ತಾಯಿತು. ಎಷ್ಟು ಕಾಲ? 1825ರಲ್ಲಿ ಒಬ್ಬ ಮೇಯರ್ ‘ಇನ್ನು ಬರುವುದಿಲ್ಲ’ ಎನ್ನುವವರೆಗೆ, 470 ವರ್ಷ. ಮುತ್ತಾತನ ಮುತ್ತಾತ ಆಡಿದ ಜಗಳಕ್ಕೆ ದಂಡ ಕಟ್ಟಿದ ಆ ಮೇಯರುಗಳ ಮುಖ ಹೇಗಿದ್ದಿರಬಹುದೆಂದು ನನಗೆ ಕುತೂಹಲ. ರಾಜಿಯಾದದ್ದು 1955ರಲ್ಲಿ: ವಿಶ್ವವಿದ್ಯಾಲಯ ಮೇಯರಿಗೆ ಗೌರವ ಪದವಿ ಕೊಟ್ಟಿತು, ಊರು ಕುಲಪತಿಗೆ ಗೌರವ ಪೌರತ್ವ ಕೊಟ್ಟಿತು. ಇಂಥದೇ ಇನ್ನೊಂದು ಗಲಭೆಗೆ ಹೆದರಿ 1209ರಲ್ಲಿ ಓಡಿಹೋದ ಕೆಲವು ವಿದ್ವಾಂಸರಿಂದ ಕೇಂಬ್ರಿಡ್ಜ್ ಹುಟ್ಟಿತು. ಆ ಊರಿನ ಅಭಿಮಾನಿಗಳು ದಯವಿಟ್ಟು ಕೋಪಿಸಿಕೊಳ್ಳಬೇಡಿ.

ಇನ್ನು ಕಣ್ಣಿಗೆ ಕಾಣದ ಗೋಡೆಗಳು. ನಾಸಿಕ್‌ನಲ್ಲಿ ಹುಟ್ಟಿ, ಪುಣೆಯಲ್ಲಿ ಓದಿದ ಕಾರ್ನೇಲಿಯಾ ಸೊರಾಬ್ಜಿ ಸೋಮರ್‌ವಿಲ್ ಕಾಲೇಜಿಗೆ ಬಂದು 1892ರಲ್ಲಿ ಕಾನೂನಿನ ಬಿ.ಸಿ.ಎಲ್. ಪರೀಕ್ಷೆ ಬರೆದರು. ಅಲ್ಲಿ ಆ ಪರೀಕ್ಷೆಗೆ ಕುಳಿತ ಮೊದಲ ಹೆಣ್ಣುಮಗಳು ಅವರೇ. ಪರೀಕ್ಷೆ ಬರೆಯಬಹುದಿತ್ತು, ಪದವಿ ಮಾತ್ರ ಕೊಡುವಂತಿರಲಿಲ್ಲ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು ಒಪ್ಪಿದ್ದು 1920ರಲ್ಲಿ. ಸೊರಾಬ್ಜಿಯವರ ಕೈಗೆ ಅದು ಸಿಕ್ಕಿದ್ದು 1922ರಲ್ಲಿ. ಆ ಮೂವತ್ತು ವರ್ಷವನ್ನು ಅವರು ಕಾಯುತ್ತ ಕಳೆಯಲಿಲ್ಲ. ಪರದೆಯ ಹಿಂದೆ ಬದುಕುತ್ತಿದ್ದ ಜಮೀನ್ದಾರಿ ಮನೆತನದ ಹೆಂಗಸರ ಆಸ್ತಿ ವ್ಯಾಜ್ಯಗಳಿಗೆ ಕಾನೂನು ಸಲಹೆ ಕೊಡುತ್ತ ನಮ್ಮ ದೇಶದಲ್ಲಿ ದುಡಿದರು.

ಹೈ ಸ್ಟ್ರೀಟಿನಲ್ಲಿ ನಡೆಯುವಾಗ ಓರಿಯಲ್ ಕಾಲೇಜಿನ ಎದುರು ನಿಂತು ಕತ್ತೆತ್ತಿ. ಮೇಲೆ ಸೆಸಿಲ್ ರೋಡ್ಸ್ ನಿಂತಿದ್ದಾನೆ. ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಿಂದ ಹಣ ಮಾಡಿದವನು, ಸಾಮ್ರಾಜ್ಯದ ಕಟ್ಟಾಳು. ಆ ವಿಗ್ರಹ ಇಳಿಸಿ ಎಂದು ವಿದ್ಯಾರ್ಥಿಗಳು ವರ್ಷಗಟ್ಟಲೆ ಹೋರಾಡಿದರು. 2021ರಲ್ಲಿ ಕಾಲೇಜು ಖರ್ಚು, ಅನುಮತಿ ಇತ್ಯಾದಿ ಕಾರಣ ಕೊಟ್ಟು ಇಳಿಸದಿರಲು ತೀರ್ಮಾನಿಸಿತು. ಇಷ್ಟು ಹೇಳಿ ಆವೇಶದಿಂದ ಮುಂದೆ ಹೋಗುವುದು ಸುಲಭ. ಆದರೆ ಕನ್ನಡಿಗರಿಗೆ ಇಲ್ಲೊಂದು ತೊಡಕಿದೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡ್ ಸೇರಿದ್ದು ರೋಡ್ಸ್ ಹೆಸರಿನ ವಿದ್ಯಾರ್ಥಿವೇತನದ ಮೇಲೆಯೇ. 1963ರಲ್ಲಿ ಅವರು ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಸಂಘದ ಅಧ್ಯಕ್ಷರೂ ಆದರು. ಲೂಟಿಯ ಹಣ ನಮ್ಮವರೊಬ್ಬರ ಓದಿಗೆ ಬಂದಿತೆಂದು ರೋಡ್ಸ್‌ನನ್ನು ಕ್ಷಮಿಸಬೇಕೆ? ನನ್ನ ಉತ್ತರ: ಬೇಡ. ಕಾರ್ನಾಡರು ಆ ಹಣಕ್ಕೆ ಋಣಿಯಾಗಿರಬೇಕಿತ್ತೆ ಎಂದರೆ ಅದಕ್ಕೂ ಬೇಡ ಎನ್ನುತ್ತೇನೆ. ಅಂದ ಹಾಗೆ, ಅದೇ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆ ತೆರೆದುಕೊಂಡಿದ್ದು 1977ರಲ್ಲಿ. ಕಾರ್ನಾಡರು ಹೋದ ಕಾಲದಲ್ಲಿ ಧಾರವಾಡದ ಒಬ್ಬ ಹುಡುಗಿ ಅರ್ಜಿ ಹಾಕುವಂತೆಯೇ ಇರಲಿಲ್ಲ.

ಆ್ಯಶ್‌ಮೋಲಿಯನ್ ವಸ್ತುಸಂಗ್ರಹಾಲಯಕ್ಕೆ ಅವಶ್ಯ ಹೋಗಿ, ಪ್ರವೇಶ ಉಚಿತ. 1967ರಲ್ಲಿ ಅದು ಹರಾಜಿನಲ್ಲಿ ವೈಷ್ಣವ ಸಂತ ತಿರುಮಂಗೈ ಆಳ್ವಾರರ ಒಂದು ಕಂಚಿನ ವಿಗ್ರಹವನ್ನು ಕೊಂಡಿತು. ಅದು ತಮಿಳುನಾಡಿನ ದೇವಾಲಯದಿಂದ ಕಳುವಾದದ್ದಿರಬೇಕೆಂದು ಹಳೆಯ ಛಾಯಾಚಿತ್ರ ನೋಡಿದ ಸಂಶೋಧಕರೊಬ್ಬರು ಗುರುತಿಸಿದರು. 2024ರಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಹಿಂದಿರುಗಿಸಲು ಒಪ್ಪಿಗೆ ಸೂಚಿಸಿತು. ಉಳಿದ ಗಾಜಿನ ಪೆಟ್ಟಿಗೆಗಳ ಮುಂದೆ ನಿಂತಾಗಲೂ ‘ಇದು ಇಲ್ಲಿಗೆ ಹೇಗೆ ಬಂತು?’ ಎಂದು ಕೇಳಿಕೊಳ್ಳಿ. ಕೆಲವು ಪೆಟ್ಟಿಗೆಗಳ ಮುಂದೆ ಉತ್ತರ ಸಿಗುತ್ತದೆ, ಕೆಲವು ಕಡೆ ಚೀಟಿಯಲ್ಲಿ ವರ್ಷ ಮಾತ್ರ ಇರುತ್ತದೆ.

ಮಧ್ಯಾಹ್ನ ಊಟಕ್ಕೆ ಪೂರ್ವಕ್ಕೆ ಹೊರಡಿ. ಮ್ಯಾಗ್ಡಲೆನ್ ಸೇತುವೆ ದಾಟಿದರೆ ಕೌಲಿ ರಸ್ತೆ: ಹಲವು ದೇಶಗಳ ಜನ ನಡೆಸುವ ಊಟದ ಅಂಗಡಿಗಳು, ದಿನಸಿ ಅಂಗಡಿಗಳು. ಅದೇ ದಿಕ್ಕಿನಲ್ಲಿ ಮುಂದೆ ಸಾಗಿದರೆ ಕಾರಿನ ಕಾರ್ಖಾನೆ. ಹದಿನೈದಕ್ಕೆ ಶಾಲೆ ಬಿಟ್ಟು ಸೈಕಲ್ ರಿಪೇರಿ ಮಾಡುತ್ತಿದ್ದ ವಿಲಿಯಂ ಮಾರಿಸ್ 1913ರಲ್ಲಿ ಕಾರು ತಯಾರಿಸತೊಡಗಿದ. ಮುಂದೆ ಅವನ ಕಂಪನಿಯ ಮಾರಿಸ್ ಆಕ್ಸ್‌ಫರ್ಡ್ ಎಂಬ ಮಾದರಿಯೇ ನಮ್ಮಲ್ಲಿ ಅಂಬಾಸಿಡರ್ ಆಯಿತು. ಬಿಳಿ ಬಣ್ಣ, ಕೆಂಪು ದೀಪ, ಹಿಂದಿನ ಸೀಟಿನಲ್ಲಿ ಮಂತ್ರಿ. ವಿಧಾನಸೌಧದ ಮುಂದೆ ದಶಕಗಳ ಕಾಲ ನಿಂತಿದ್ದ ಆಕ್ಸ್‌ಫರ್ಡ್ ಅದು. ಅದರ ತಯಾರಿಕೆ ನಿಂತಿದ್ದು 2014ರಲ್ಲಿ. ಹಣವಂತನಾಗಿ ಲಾರ್ಡ್ ನಫೀಲ್ಡ್ ಎನಿಸಿಕೊಂಡ ಮಾರಿಸ್, ವಿಶ್ವವಿದ್ಯಾಲಯಕ್ಕೆ ಒಂದು ಕಾಲೇಜನ್ನೇ ದಾನ ಮಾಡಿದ. ಕಾಲೇಜು ಮೆಟ್ಟಿಲು ಹತ್ತದವನ ಹೆಸರಿನಲ್ಲಿ ಇಂದು ಸ್ನಾತಕೋತ್ತರ ಸಮಾಜ ವಿಜ್ಞಾನ ಓದುತ್ತಾರೆ.

ಕೊನೆಯದಾಗಿ, ಹೊತ್ತು ಉಳಿದರೆ ಬಸ್ಸು ಹತ್ತಿ ಊರಿನ ಉತ್ತರಕ್ಕೆ, ಕಟ್ಸ್‌ಲೋ ಬಡಾವಣೆಗೆ ಹೋಗಿ. 1934ರಲ್ಲಿ ಅಲ್ಲಿ ಖಾಸಗಿ ಮನೆಗಳನ್ನು ಕಟ್ಟಿದ ಕಂಪನಿಯೊಂದು, ಪಕ್ಕದಲ್ಲಿ ನಗರಸಭೆಯ ಬಾಡಿಗೆ ಮನೆಗಳಿಗೆ ಬಂದವರು ತಮ್ಮ ಬೀದಿಗೆ ಕಾಲಿಡಬಾರದೆಂದು ರಸ್ತೆಗಳಿಗೆ ಅಡ್ಡಲಾಗಿ ಆಳೆತ್ತರ ಮೀರಿದ ಗೋಡೆ ಕಟ್ಟಿ ಮೇಲೆ ಮೊಳೆಗಳನ್ನು ನೆಟ್ಟಿತು. ಬಾಡಿಗೆ ಮನೆಯವರು ಮುಖ್ಯರಸ್ತೆಯ ಅಂಗಡಿ, ಬಸ್ಸಿಗೆ ಹೋಗಲು ದೊಡ್ಡ ಸುತ್ತು ಹಾಕಬೇಕಾಯಿತು. 1938ರಲ್ಲಿ ನಗರಸಭೆ ಗೋಡೆ ಕೆಡವಿತು. ಕಂಪನಿ ಕೋರ್ಟಿನಲ್ಲಿ ಗೆದ್ದಿತು, ಗೋಡೆ ಮತ್ತೆ ಎದ್ದಿತು. ಯುದ್ಧಕಾಲದಲ್ಲಿ ತರಬೇತಿಯಲ್ಲಿದ್ದ ಸೈನ್ಯದ ಟ್ಯಾಂಕೊಂದು ಅದನ್ನು ಸೀಳಿಕೊಂಡು ಹೋಯಿತು. ಸರ್ಕಾರ ಅದನ್ನೂ ಕಟ್ಟಿಸಿಕೊಟ್ಟಿತು! ಕೊನೆಗೆ 1959ರಲ್ಲಿ ಗೋಡೆಯ ಕೆಳಗಿನ ನೆಲವನ್ನೇ ದುಡ್ಡು ಕೊಟ್ಟು ಕೊಂಡು ನಗರಸಭೆ ಅದನ್ನು ನೆಲಸಮ ಮಾಡಿತು. ಈಗ ಅಲ್ಲಿ ಒಂದು ನೀಲಿ ಫಲಕವಿದೆ. ಆ ಬೀದಿಯಲ್ಲಿ ನೇರ ನಡೆದರೆ ಗೋಡೆಯಿದ್ದ ಆಚೆ ಬದಿಗೆ ರಸ್ತೆಯ ಹೆಸರು ವೆಂಟ್‌ವರ್ತ್ ಹೋಗಿ ಆಲ್ಡ್ರಿಚ್ ಆಗುತ್ತದೆ. ಇದಕ್ಕೆ ಟಿಕೆಟ್ ಇಲ್ಲ, ಮೆಟ್ಟಿಲೂ ಇಲ್ಲ; ಮಂಡಿನೋವಿನ ಹಿರಿಯರನ್ನೂ ಕರೆದುಕೊಂಡು ಹೋಗಬಹುದು.